ಚಂದಾ, ಕ್ರಯ ಮತ್ತು ಗ್ರಾಹಕರ ಪ್ರತಿರೋಧ

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂಗೆ ವರ್ಷವರ್ಷವೂ ಚಂದಾ ತೆರಲು ಗ್ರಾಹಕರು ಒಪ್ಪದಿರುವುದನ್ನು ಕೆಲವರು ಜಿಪುಣತನವೆಂದೂ ಹಳೆಯದರ ಮೋಹವೆಂದೂ ಬಗೆಯುತ್ತಾರೆ. ಈ ಅಭಿಪ್ರಾಯವು ಚರಿತ್ರೆಯ ಪರೀಕ್ಷೆಗೆ ನಿಲ್ಲತಕ್ಕುದಲ್ಲವೆಂದು ನಮಗೆ ತೋರುತ್ತದೆ.

2001ರ ಮೇ ತಿಂಗಳಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಸಗಟು ಗ್ರಾಹಕರಿಗೆ ಹೊಸ ಪರವಾನಗಿ ಕ್ರಮವೊಂದನ್ನು ಸಾರಿತು. ಹಿಂದಿನ ಆವೃತ್ತಿಯುಳ್ಳವರು ತಮಗೆ ಬೇಕೆನಿಸಿದಾಗ ರಿಯಾಯಿತಿಯಲ್ಲಿ ಹೊಸದನ್ನು ಕೊಳ್ಳುವ ಪದ್ಧತಿಯನ್ನು ಬಿಟ್ಟು, ‘ಸಾಫ್ಟ್‌ವೇರ್ ಅಶ್ಯೂರೆನ್ಸ್’ ಎಂಬ ಕರಾರನ್ನು ಅದರ ಸ್ಥಾನದಲ್ಲಿರಿಸಿತು. ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಪರವಾನಗಿಯ ಬೆಲೆಯಲ್ಲಿ ಪ್ರತಿವರ್ಷ ಶೇಕಡ 29 ಭಾಗವನ್ನು ತೆತ್ತವರಿಗೆ, ಕರಾರಿನ ಅವಧಿಯಲ್ಲಿ ಹೊರಬರುವ ಆವೃತ್ತಿಗಳು ಬೇರೆ ಬೆಲೆಯಿಲ್ಲದೆ ದೊರೆಯತಕ್ಕುವೆಂದು ಗೊತ್ತಾಯಿತು. ಆಕ್ಷೇಪವು ಪ್ರಬಲವಾಗಿದ್ದುದರಿಂದ 2001ರ ಅಕ್ಟೋಬರ್ 1ರ ಗಡುವನ್ನು ಎರಡು ಸಲ ಮುಂದಕ್ಕೆ ಹಾಕಿ, ಕಡೆಗೆ 2002ರ ಜುಲೈ 31ಕ್ಕೆ ನಿಲ್ಲಿಸಬೇಕಾಯಿತು.

ಆಕ್ಷೇಪದಲ್ಲಿ ಹುರುಳಿದ್ದಿತು. ವಿಂಡೋಸ್ ಎಕ್ಸ್‌ಪಿ ಮಾರಾಟಕ್ಕೆ ಬಂದುದು 2001ರ ಅಕ್ಟೋಬರಿನಲ್ಲಿ. ಅದರ ಅನಂತರದ ವಿಸ್ಟಾ ವ್ಯಾಪಾರಸಂಸ್ಥೆಗಳಿಗೆ ದೊರೆತುದು 2006ರ ನವೆಂಬರಿನಲ್ಲಿ. 2002ರಲ್ಲಿ ಮೂರು ವರ್ಷದ ಕರಾರು ಮಾಡಿಕೊಂಡವರು, ಈ ದರದಂತೆ ಬೆಲೆಯ ಶೇಕಡ 87ರಷ್ಟನ್ನು ತೆತ್ತೂ, ವಾಯಿದೆ ಮುಗಿಯುವುದರೊಳಗೆ ವಿಸ್ಟಾವನ್ನು ಕಾಣಲಿಲ್ಲ. 2003ರಲ್ಲಿ ಸಂಸ್ಥೆಯು ತರಬೇತಿ, ಗೃಹಬಳಕೆ ಮೊದಲಾದ ಸೌಲಭ್ಯಗಳನ್ನು ಕರಾರಿಗೆ ಸೇರಿಸಿದುದು ಅದರ ಕೊರತೆಯನ್ನು ಒಪ್ಪಿಕೊಂಡಂತೆಯೇ ಸರಿ.

ರಕ್ಷಣೆಯ ತಿದ್ದುಪಡಿಗಳಿಗೆ ಸತತವಾದ ವೆಚ್ಚವುಂಟೆಂಬ ಚಂದಾಪಕ್ಷದವರ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕ್ರಯದಲ್ಲಿ ವಿಳಂಬದ ನಷ್ಟ ಮಾರುವವನದು. ಚಂದಾದಲ್ಲಿ ಅದು ಕೊಳ್ಳುವವನದು. ಗ್ರಾಹಕರು ಪ್ರತಿಭಟಿಸಿದುದು ಹಣ ತೆರುವುದನ್ನಲ್ಲ, ಈ ಹೊಣೆಯ ವರ್ಗಾವಣೆಯನ್ನು ಎಂದೇ ನಮ್ಮ ನಿರ್ಣಯ.