‘ಕಡತ ಉಳಿಸು’ ಎಂದರೆ ಏನೇನು ಉಳಿಯುತ್ತದೆ?

ಕೆಟ್ಟುಹೋದ ವಿಂಡೋಸ್ ಕಾರ್ಯವ್ಯವಸ್ಥೆಯನ್ನು ಮರಳಿ ಸ್ಥಾಪಿಸುವಾಗ ಮೂರು ಸಂಗತಿಗಳ ಅಳಿವು-ಉಳಿವಿನ ಪ್ರಶ್ನೆ ಏಳುತ್ತದೆ: ನಮ್ಮ ಕಡತಗಳು, ನಾವು ಹಾಕಿಕೊಂಡ ತಂತ್ರಾಂಶಗಳು ಮತ್ತು ಅವುಗಳ ಸೆಟ್ಟಿಂಗ್‌ಗಳು. ಗಣಕದ ತೆರೆಯ ಮೇಲಿನ ಮಾತು ಈ ಮೂರನ್ನೂ ಒಂದೇ ಎಂಬಂತೆ ತೋರಿಸುತ್ತದೆ ಎಂಬುದೇ ನನ್ನ ಆಕ್ಷೇಪ.

2015ರಲ್ಲಿ ಬಂದ ವಿಂಡೋಸ್ 10ರ ‘ರೀಸೆಟ್’ ಸೌಲಭ್ಯವನ್ನೇ ನೋಡಿ. ‘ನನ್ನ ಕಡತಗಳನ್ನು ಉಳಿಸು’ ಎಂಬುದು ಅಲ್ಲಿ ಶೀರ್ಷಿಕೆ. ತಂತ್ರಾಂಶಗಳೂ ಸೆಟ್ಟಿಂಗ್‌ಗಳೂ ಹೋಗುತ್ತವೆ ಎಂಬುದು ಅದರ ಕೆಳಗಿನ ಅಡಿಬರಹ. ಕನ್ನಡ ಶಿಕ್ಷಕರಿಗೆ ಇದರ ಪರಿಣಾಮ ಬೇಗ ತಿಳಿಯುತ್ತದೆ. ‘ನುಡಿ’ಯ ಹಳೆಯ ಅಕ್ಷರಶೈಲಿಯಲ್ಲಿ ಟೈಪಿಸಿದ ಪ್ರಶ್ನೆಪತ್ರಿಕೆಯೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ, ಅವನ್ನು ಕನ್ನಡವಾಗಿ ತೋರಿಸುವುದು ಫಾಂಟ್. ರೀಸೆಟ್ ಆದ ಮೇಲೆ ಕಡತ ಇದ್ದಲ್ಲೇ ಇರುತ್ತದೆ, ‘ನುಡಿ’ಯೂ ಅದರ ಫಾಂಟೂ ಇರುವುದಿಲ್ಲ. ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು! ಯೂನಿಕೋಡ್‌ನಲ್ಲಿ ಬರೆದವರಿಗೆ ಈ ಕಾಟವಿಲ್ಲ.

2001ರ ವಿಂಡೋಸ್ ಎಕ್ಸ್‌ಪಿ ಈ ವಿಷಯದಲ್ಲಿ ಮೇಲಾಗಿತ್ತು. ಅದರ ಸಿ.ಡಿ.ಯಲ್ಲಿದ್ದ ದುರಸ್ತಿ ವಿಧಾನ ವ್ಯವಸ್ಥೆಯ ಕಡತಗಳನ್ನು ಮರಳಿ ಬರೆದು, ತಂತ್ರಾಂಶಗಳನ್ನೂ ಸೆಟ್ಟಿಂಗ್‌ಗಳನ್ನೂ ಸಾಮಾನ್ಯವಾಗಿ ಹಾಗೆಯೇ ಬಿಡುತ್ತಿತ್ತು. ಆದರೆ ದಾರಿ ವಿಚಿತ್ರ. ಮೊದಲ ತೆರೆಯಲ್ಲೇ ‘ದುರಸ್ತಿಗೆ ಆರ್ ಒತ್ತಿ’ ಎಂದಿರುತ್ತಿತ್ತು. ಒತ್ತಿದರೆ ಸಿಗುತ್ತಿದ್ದುದು ಆಜ್ಞೆಗಳನ್ನು ಟೈಪಿಸಬೇಕಾದ ರಿಕವರಿ ಕನ್ಸೋಲ್. ನಿಜವಾದ ದುರಸ್ತಿ ಬೇಕಾದವರು ಹೊಸ ಸ್ಥಾಪನೆಗೆಂಬಂತೆ ಎಂಟರ್ ಒತ್ತಿ, ಪರವಾನಗಿಗೆ ಎಫ್8 ಒತ್ತಿ, ಆಮೇಲೆ ಕಾಣುವ ಎರಡನೆಯ ‘ಆರ್’ ಅನ್ನು ಹಿಡಿಯಬೇಕಿತ್ತು. ದುರಸ್ತಿಗೆ ಬಂದವರಿಗೆ ಇದು ಹೊಳೆಯುವುದಾದರೂ ಹೇಗೆ? ಇದರ ಜೊತೆಗೆ, ಸಿ.ಡಿ. ಹಳೆಯದಾದರೆ ನಂತರದ ಸುರಕ್ಷಾ ತೇಪೆಗಳು ಅಳಿಸಿಹೋಗುತ್ತಿದ್ದವು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಹುಳು ಹರಡಿದಾಗ ಅಂಥ ಗಣಕವನ್ನು ಅಂತರಜಾಲಕ್ಕೆ ಜೋಡಿಸುವುದೇ ಅಪಾಯವಾಗಿತ್ತು.

ಮೂರನ್ನೂ ಉಳಿಸುವ ವಿಧಾನ ವಿಂಡೋಸ್ 10 ಮತ್ತು 11ರಲ್ಲೂ ಇದೆ: ವಿಂಡೋಸ್ ನಡೆಯುತ್ತಿರುವಾಗಲೇ, ಅದೇ ಭಾಷೆ ಮತ್ತು ಅದೇ ಆವೃತ್ತಿಯ ಸ್ಥಾಪನಾ ಕಡತದಿಂದ ಸೆಟಪ್ ನಡೆಸಿ, ಕಡತ ಹಾಗೂ ತಂತ್ರಾಂಶ ಎರಡನ್ನೂ ಉಳಿಸುವ ಆಯ್ಕೆ ಮಾಡುವುದು. 2024ರಲ್ಲಿ ವಿಂಡೋಸ್ 11ರ ರಿಕವರಿ ಪುಟಕ್ಕೆ ಇದೇ ಕೆಲಸದ ಗುಂಡಿಯೂ ಬಂತು. ತಡವಾದರೂ ಸ್ವಾಗತಾರ್ಹ. ಆದರೆ ಒಂದು ಕೊರತೆ ದೊಡ್ಡದು. ಗಣಕ ವಿಂಡೋಸ್‌ವರೆಗೆ ತಲುಪದೆ ನಿಂತರೆ ಈ ದಾರಿಯೂ ಮುಚ್ಚುತ್ತದೆ, ಯು.ಎಸ್.ಬಿ.ಯಿಂದ ಆರಂಭಿಸಿದಾಗ ಆ ಆಯ್ಕೆ ನಡೆಯುವುದಿಲ್ಲ. ಎಕ್ಸ್‌ಪಿಯ ಆ ವಕ್ರ ದಾರಿ ಉಪಯೋಗಕ್ಕೆ ಬರುತ್ತಿದ್ದುದು ಇಂಥ ಹೊತ್ತಿನಲ್ಲೇ.