ಯಂತ್ರದೊಳಗಿನ ಏಕತಾರಿ

ನಮ್ಮ ಆದೋನಿ ಸೀಮೆ ಹುಡುಗ್ರು ಈಗ ಮನೆಯಾಗೇ ಕೀಬೋರ್ಡ್ ಇಟ್ಟುಕೊಂಡು ಹಳೇ ತತ್ವಪದ ರೆಕಾರ್ಡ್ ಮಾಡ್ತಾರೆ. ಏಕತಾರಿ, ದಮ್ಮಡಿ ಎಲ್ಲಾ ಯಂತ್ರದಾಗೇ. ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದನ್ನೂ ಬೇಕಂತಲೇ ಸೇರಿಸ್ತಾರೆ. ಅದು ಹೋಗಲಂತ ನಾವು ಟೇಪಿನ ಹೆಡ್ಡು ಒರೆಸ್ತಿದ್ದೆವು!

ಯಂತ್ರವನ್ನ ಬೈಯೋದಿಲ್ಲ. ನಮ್ಮದೆನ್ನುವ ಹಾರ್ಮೋನಿಯಂ ಕೂಡ 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಆದದ್ದು. 1940ರಲ್ಲಿ ರೇಡಿಯೋದವರು ಅದನ್ನೂ ಬೇಡ ಅಂದಿದ್ದರು. ನನ್ನ ತಕರಾರು ಲಯದ್ದು. ಭಜನೆಯಾಗ ಪದ ನಿಧಾನ ಶುರುವಾಗಿ, ಮಂದಿ ದನಿಗೂಡಿಸಿದಂಗ ಬಿರುಸಾಗತೈತಿ. ಹಾಡುವವ ಒಂದು ನುಡಿಯ ಅರ್ಥ ಹೇಳಾಕ ನಿಂತರೆ ದಮ್ಮಡಿಯವನೂ ಕೈ ತಡೀತಾನೆ. ಯಂತ್ರ ತಡಿಯೋದಿಲ್ಲ. ಅದರ ಹಿಂದೆ ಓಡಿ ಹುಡುಗ್ರು ಕಡೆಯ ನುಡಿ ನುಂಗತಾರೆ. ಗುರುವಿನ ಅಂಕಿತ ಇರೋದೇ ಅಲ್ಲಿ! ಅದು ಕೇಳದಿದ್ದರೆ ಪದ ಯಾರದಂತ ನಾಳೆ ಮಕ್ಕಳಿಗೆ ಹೆಂಗ ತಿಳೀಬೇಕು? ಮೊದಲು ಏಕತಾರಿ ಮೀಟಿ ಹಾಡಿ ರೆಕಾರ್ಡ್ ಮಾಡ್ಲಿ. ಕೀಬೋರ್ಡ್ ಆಮೇಲೆ ಆ ದನಿಯ ಹಿಂದೆ ಬರಲಿ.