ಗರತಿಯ ಹಾಡಿನಲ್ಲಿ ಉಪಕಾರಸ್ಮರಣೆ

ಹೋದ ವರ್ಷ ನಮ್ಮ ಶಾಲೆಯ ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ 'ಉಪಕಾರಸ್ಮರಣೆ' ಎಂಬ ವಿಷಯವನ್ನು ಕೊಟ್ಟು ನಿಬಂಧ ಬರೆಯಿಸಿದೆವು. ಎಲ್ಲರೂ ಒಂದೇ ಅಚ್ಚಿನಲ್ಲಿ ಬರೆದರು: ಮೊದಲು ತಾಯಿತಂದೆಗಳ ಉಪಕಾರ, ಆಮೇಲೆ ಗುರುಗಳದು, ಆಮೇಲೆ ದೇವರದು, ಕೊನೆಗೊಂದು ಸುಭಾಷಿತ. ವಹಿಗಳನ್ನು ತಿದ್ದುವಾಗ ನಮಗೆ ಸಂಶಯ ಬಂದಿತು. ಮರುದಿನ ವರ್ಗದಲ್ಲಿ, "ಅವ್ವ ರೊಟ್ಟಿ ಬಡಿದು ಕೊಟ್ಟಾಗ ನೀವು ಏನನ್ನುತ್ತೀರಿ?" ಎಂದು ಕೇಳಿದೆವು. ವರ್ಗವೆಲ್ಲ ನಕ್ಕಿತು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡುವ ಹುಡುಗಿಯೊಬ್ಬಳು ಎದ್ದು ನಿಂತು, "ಮನ್ಯಾಗ ಯಾರ್ ಅಂತಾರ್ರಿ ಸರ್ ಹಂಗ? ಅಂದ್ರ ಅವ್ವ ಹೊರಗಿನಾಕಿ ಆದಂಗ ಆಕ್ಕೈತಿ" ಎಂದಳು.

ನಾವು ಮೂವತ್ತು ವರ್ಷ ಕಲಿಸಿದ ಪಾಠವನ್ನು ಆ ಹುಡುಗಿ ಒಂದೇ ಮಾತಿನಲ್ಲಿ ಪರೀಕ್ಷೆಗೆ ಹಚ್ಚಿದಳು. 'ಧನ್ಯವಾದ', 'ಆಭಾರ' ಎಂಬವು ಸಭೆಯ ಮಾತುಗಳು. ಕಾರ್ಯಕ್ರಮ ಮುಗಿದ ಮೇಲೆ ಹಾರದೊಡನೆ ಹಂಚುವಂಥವು. ಅವು ಹೊಸ್ತಿಲನ್ನು ದಾಟಿ ಅಡಿಗೆಮನೆಗೆ ಬರುವುದಿಲ್ಲ. ಹಾಗೆಂದು ಮನೆಯೊಳಗೆ ಉಪಕಾರಸ್ಮರಣೆಯೇ ಇಲ್ಲವೆನ್ನಬಹುದೆ? ಇದ್ದರೆ ಅದು ಯಾವ ರೂಪದಲ್ಲಿದೆ? ಈ ಪ್ರಶ್ನೆಗೆ ನಮ್ಮ ಸಾಹಿತ್ಯದಲ್ಲಿ ಉತ್ತರವನ್ನು ಹುಡುಕುವವರು ಬೀಸುವ ಕಲ್ಲಿನ ಪದಗಳ ಬಳಿಗೆ ಬರಬೇಕಾಗುತ್ತದೆಂಬುದು ನಮ್ಮ ಅಭಿಪ್ರಾಯ.

ಈ ಪದಗಳು ವಿದ್ವಾಂಸರ ಕಣ್ಣಿಗೆ ಬಿದ್ದುದು 1931ರಲ್ಲಿ 'ಗರತಿಯ ಹಾಡು' ಅಚ್ಚಾದಂದಿನಿಂದ. ಅದು ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರ ಕೆಲಸ. ಮಧುರಚೆನ್ನರು ಆ ಬಳಗದ ಜೀವಾಳವಾಗಿದ್ದರು. ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಇವರು ಜೊತೆಗಾರರು. ಹಲಸಂಗಿಯೂ ನಮ್ಮ ಗಡಹಿಂಗ್ಲಜದಂತೆ ಗಡಿಯ ಬದಿಯ ಊರೇ. ಸಿಂಪಿ ಲಿಂಗಣ್ಣನವರು ಶಾಲಾಮಾಸ್ತರರಾಗಿದ್ದರೆಂಬುದನ್ನು ಶಿಕ್ಷಕ ಬಂಧುಗಳು ಅಭಿಮಾನದಿಂದ ನೆನೆಯಬೇಕು. ವಿಶ್ವವಿದ್ಯಾಲಯಗಳಿಗಿಂತ ಮುಂಚೆ ಹಳ್ಳಿಯ ಮಾಸ್ತರರ ಕಿವಿ ಈ ಕಾವ್ಯವನ್ನು ಕೇಳಿಸಿಕೊಂಡಿತು.

ಈ ಪದಗಳಲ್ಲಿ ಕೃತಜ್ಞತೆಗೆ ನಾಮಪದವಿಲ್ಲ, ಕ್ರಿಯಾಪದವಿದೆ. ಅದು 'ನೆನೆ' ಎಂಬುದು. ನಸುಕಿನಲ್ಲಿ ಎದ್ದವಳು ಮೊದಲು ಯಾರನ್ನು ನೆನೆಯಲೆಂದು ತನ್ನನ್ನು ತಾನೇ ಕೇಳಿಕೊಂಡು, ಕಾಳುಕಡಿ ಬೆಳೆಯುವ ಭೂಮಿತಾಯಿಯನ್ನು ನೆನೆಯುವ ಪದವು ಕನ್ನಡಿಗರೆಲ್ಲರಿಗೂ ಪರಿಚಿತವಾದುದು. ಅಲ್ಲಿಂದ ನೆನಪು ಬೀಸುವ ಕಲ್ಲಿಗೆ, ಎತ್ತಿಗೆ, ಮನೆದೇವರಿಗೆ, ಹಡೆದವ್ವನಿಗೆ, ಒಡಹುಟ್ಟಿದ ಅಣ್ಣನಿಗೆ ಹೊರಳುತ್ತದೆ. ದೇವರು ಮೇಲೆ, ಮನೆ ಕೆಳಗೆ ಎಂಬ ಏಣಿ ಇಲ್ಲಿಲ್ಲ. ಮಲ್ಲಯ್ಯನೂ ತಾಯಿಯೂ ಒಂದೇ ಕಲ್ಲಿನ ಸುತ್ತು ಕುಳಿತವರು. ತವರೂರಿನ ಹಾದಿ ಕಾಶಿಯ ಹಾದಿಗಿಂತ ಮೇಲೆಂದು ಹೇಳುವಾಗ ಹಾಡುವವಳು ಕಾಶಿಯನ್ನು ಹಳಿಯುತ್ತಿಲ್ಲ; ತಾಯಿಯನ್ನು ನೋಡುವುದು ಅವಳಿಗೆ ಯಾತ್ರೆಯಾಗಿದೆ.

ಛಂದಸ್ಸು ಈ ಭಾವಕ್ಕೆ ಹೇಗೆ ಒದಗಿತೆಂಬುದನ್ನೂ ನೋಡಬೇಕು. ತ್ರಿಪದಿಯು ಹನ್ನೊಂದು ಗಣಗಳ ಅಂಶಛಂದಸ್ಸು. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಹಾಡುವಾಗ ಎರಡನೆಯ ಸಾಲನ್ನು ಮರುಕೊಳಿಸಿ ಮೂರನೆಯದಕ್ಕೆ ಇಳಿಯುತ್ತಾರೆ. ಎಷ್ಟೋ ಪದಗಳಲ್ಲಿ ಮೊದಲೆರಡು ಸಾಲು ಬೇವಿನ ಮರ, ಹೊಳೆ, ದೀಪ, ಕರಿಕೆ ಇಂಥ ಕಣ್ಣೆದುರಿನ ವಸ್ತುವಿಗೆ ಮೀಸಲು. ನೆನೆಯಬೇಕಾದವರ ಹೆಸರು ಬರುವುದು ಮೂರನೆಯ ಸಾಲಿನಲ್ಲಿ. ಹೀಗೆ ಹೆಸರು ತಡವಾಗಿ ಬರುವುದರಿಂದ ಹೊಗಳಿಕೆ ಹುಸಿಯಾಗುವುದಿಲ್ಲ. ಮಕ್ಕಳ ನಿಬಂಧಗಳಲ್ಲಿ ಹೆಸರು ಮೊದಲ ಸಾಲಿಗೇ ಬಂದಿತ್ತು. ಕಣ್ಣೆದುರಿನ ವಸ್ತು ಬರಲೇ ಇಲ್ಲ.

ಇದು ಹಾಡಿಗೆ ಮಾತ್ರ ಸೇರಿದ ಗುಣವಲ್ಲ, ಬಾಳಿನದು. ನೇಕಾರರ ಊರಾದ ಇಚಲಕರಂಜಿಯನ್ನೇ ನೋಡಿರಿ. 1904ರಲ್ಲಿ ವಿಠ್ಠಲರಾವ ದಾತಾರರು ಅಲ್ಲಿ ಮೊದಲನೆಯ ಯಂತ್ರಮಗ್ಗವನ್ನು ಹೂಡಿದರು. ಇಂದು ಮಗ್ಗದ ಸಪ್ಪಳ ಕೇಳದ ಓಣಿ ಅಲ್ಲಿ ದುರ್ಲಭ. ಅಂಥ ಊರಿನಲ್ಲಿಯೂ ಕಾರಹುಣ್ಣಿಮೆಯ ಹಬ್ಬ ನಿಂತಿಲ್ಲ. ನಾವು ಕರಿ ಹರಿಯುವುದೆಂದು ಹೇಳುವ ಆ ಹಬ್ಬಕ್ಕೆ ಮರಾಠಿ ಮಾತಿನವರೂ ಅಲ್ಲಿ 'ಕರ್ನಾಟಕಿ ಬೆಂದೂರ' ಎಂದೇ ಹೆಸರಿಟ್ಟಿದ್ದಾರೆ. ಅಂದು ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಹೋಳಿಗೆ ತಿನ್ನಿಸಿ, ನೊಗ ಹೂಡದೆ ಬಿಡುತ್ತಾರೆ. ಎತ್ತಿಗೆ ಯಾರೂ ಧನ್ಯವಾದ ಹೇಳುವುದಿಲ್ಲ. ಒಂದು ದಿನ ಅದರ ಹೆಗಲನ್ನು ಹಗುರ ಮಾಡುತ್ತಾರೆ. ಮನೆಯ ಕೃತಜ್ಞತೆ ಮಾತಿನಲ್ಲಿ ಅಲ್ಲ, ಭಾರವನ್ನು ಇಳಿಸುವುದರಲ್ಲಿ ಇದೆ.

ಮರಾಠಿಯ ಓವಿಯನ್ನು ಇದರ ಪಕ್ಕದಲ್ಲಿಟ್ಟರೆ ನಮ್ಮ ಮಾತು ಗಟ್ಟಿಯಾಗುತ್ತದೆ. ನಮ್ಮ ತವರು ಅವರ 'ಮಾಹೇರ'. ಬೀಸುವಾಗ ಮೊದಲನೆಯ ಓವಿ ಇವರಿಗೆ, ಎರಡನೆಯದು ಅವರಿಗೆ ಎಂದು ಎಣಿಸಿ ಅರ್ಪಿಸುವ ಕ್ರಮ ಅಲ್ಲಿದೆ. ನಮ್ಮವರ ನೆನೆಯುವಿಕೆಯೂ ಅವರ ಎಣಿಕೆಯೂ ಒಂದೇ ಮನಸ್ಸಿನ ಎರಡು ರೂಢಿಗಳು. ಅಮಳನೇರದ ಶಾಲೆಯಲ್ಲಿ ಶಿಕ್ಷಕರಾಗಿದ್ದ ಸಾನೇ ಗುರೂಜಿಯವರು 'ಸ್ತ್ರೀ ಜೀವನ'ದಲ್ಲಿ ಇಂಥ ಓವಿಗಳನ್ನು ಕೂಡಿಹಾಕಿದರು. ಗಡಿಯ ಆಚೆಗೂ ಈಚೆಗೂ ಈ ಕೆಲಸ ಮಾಸ್ತರರ ಕೈಯಿಂದ ಆದದ್ದು ಕಾಕತಾಳೀಯವಲ್ಲವೆಂದು ನಮಗೆ ತೋರುತ್ತದೆ.

ಇಷ್ಟರವರೆಗೆ ಸಹೃದಯರ ತಕರಾರು ಇರಲಿಕ್ಕಿಲ್ಲ. ಆದರೆ ವಿಮರ್ಶಕನಾದವನು ಇನ್ನೊಂದು ಪ್ರಶ್ನೆಗೆ ಉತ್ತರ ಕೊಡಲೇಬೇಕು. ಈ ಕೃತಜ್ಞತೆ ಸ್ವತಂತ್ರವಾದದ್ದೆ? ಎಳೆಯ ವಯಸ್ಸಿನಲ್ಲಿ ಮದುವೆಯಾಗಿ, ಹೊಳೆಯಾಚೆಯ ಊರಿಗೆ ಬಂದು, ಕೋಳಿ ಕೂಗುವ ಮುನ್ನ ಕಲ್ಲಿಗೆ ಕೂಡುತ್ತಿದ್ದವಳು ಅವಳು. ತವರಿನ ಹೊಲದಲ್ಲಿ ಅವಳಿಗೆ ಪಾಲಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರದ ಕಾಯಿದೆಯೂ ಕೂಡುಕುಟುಂಬದ ಹಿರಿಯರ ಆಸ್ತಿಯಲ್ಲಿ ಮಗಳನ್ನು ಮಗನಿಗೆ ಸಮನಾಗಿಸಲಿಲ್ಲ. ಆ ಹಕ್ಕನ್ನು ಮಹಾರಾಷ್ಟ್ರವೂ ಕರ್ನಾಟಕವೂ 1994ರಲ್ಲಿ ಕೊಟ್ಟವು. ದೇಶಕ್ಕೆಲ್ಲ ಅದು 2005ರಲ್ಲಿ ಬಂದಿತು. ಪಂಚಮಿಗೆ ಕರೆಯಲು ಬಂದ ಅಣ್ಣನು ತಂದ ಒಂದು ಕುಪ್ಪಸಕ್ಕಾಗಿ ಅವಳು ತವರನ್ನೆಲ್ಲ ಹರಸುತ್ತಾಳೆ. ಹೊಲವನ್ನು ಉಳಿಸಿಕೊಂಡವನು ಕುಪ್ಪಸ ಕೊಟ್ಟು ಹರಕೆ ಪಡೆದನೆಂದು ಯಾರಾದರೂ ಹೇಳಿದರೆ ಅದನ್ನು ಕುಹಕವೆಂದು ತಳ್ಳಿಹಾಕುವಂತಿಲ್ಲ. ಅಧೀನಳ ಕೃತಜ್ಞತೆಯು ಸುಲಭವಾಗಿ ಆಳುವವರ ಆಭರಣವಾಗುತ್ತದೆ.

ನಾವು ಈ ಆಕ್ಷೇಪವನ್ನು ಅರ್ಧ ಒಪ್ಪುತ್ತೇವೆ. ಉಳಿದ ಅರ್ಧಕ್ಕೆ ಹಾಡುಗಳೇ ಉತ್ತರ ಕೊಡುತ್ತವೆ. ಹರಸಿದ ಬಾಯಿಯೇ ಅಲ್ಲಿ ದೂರಿದೆ. ತಾಯಿ ಇಲ್ಲದ ತವರಿನ ಬಗೆಗೆ, ಅತ್ತಿಗೆಯ ಮೋರೆಯ ಬಗೆಗೆ, ದೂರದ ಊರಿಗೆ ಕೊಟ್ಟ ತಂದೆಯ ಬಗೆಗೆ ಅವಳು ನಿಷ್ಠುರವಾಗಿ ಹಾಡುತ್ತಾಳೆ. ದೇವರನ್ನೂ ಬಿಡುವುದಿಲ್ಲ. ತ್ರಿಪದಿಯ ಜಾತಿಯಲ್ಲಿಯೇ ಈ ಎರಡೂ ಗುಣಗಳು ಇದ್ದವೆನ್ನಬಹುದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವು ಸುಮಾರು ಕ್ರಿ. ಶ. 700ರದು, ನಮಗೆ ದೊರೆತ ಅತಿ ಹಳೆಯ ತ್ರಿಪದಿಗಳು ಅದರಲ್ಲಿವೆ. ಒಳ್ಳೆಯವರಿಗೆ ಒಳ್ಳೆಯವನು, ಕೆಣಕಿದವರಿಗೆ ಕಠಿಣನು ಎಂದು ಅದು ಒಬ್ಬ ವೀರನನ್ನು ಬಣ್ಣಿಸುತ್ತದೆ. ಹಳ್ಳಿಯ ಹೆಣ್ಣುಮಗಳು ಆ ವೀರನ ನಡೆಯನ್ನು ಮನೆಯೊಳಗೆ ನಡೆಯಿಸಿದ್ದಾಳೆ.

ತಪ್ಪು ಹಾಡಿನದಲ್ಲ, ಆರಿಸಿಕೊಂಡ ನಮ್ಮದು. ಸ್ನೇಹಸಮ್ಮೇಲನಗಳಲ್ಲಿ ಹುಡುಗಿಯರಿಂದ ಹಾಡಿಸುವಾಗ ನಾವೇ ಪ್ರತಿ ವರ್ಷ ಸಿಹಿ ಪದಗಳನ್ನು ಆರಿಸಿ ಕಹಿ ಪದಗಳನ್ನು ಬಿಟ್ಟಿದ್ದೇವೆ. ತವರನ್ನು ಹರಸುವ ಪದಕ್ಕೆ ಚಪ್ಪಾಳೆ ಬೀಳುತ್ತದೆ. ತಂದೆಯನ್ನು ದೂರುವ ಪದಕ್ಕೆ ಪಾಲಕರ ಮುಖ ಗಂಟಾಗುತ್ತದೆ. ಹೀಗೆ ಆರಿಸಿದ ಮೇಲೆ ಉಳಿಯುವುದು ನೀತಿಪಾಠ. ಕಾವ್ಯವಲ್ಲ, ಕೃತಜ್ಞತೆಯೂ ಅಲ್ಲ. ದೂರಲು ಬಾಯಿ ಇಲ್ಲದವಳ ಹರಕೆಗೆ ಬೆಲೆ ಎಲ್ಲಿಂದ ಬಂದೀತು?

ಇದನ್ನು ನಮಗೆ ತಿಳಿಸಿಕೊಟ್ಟವಳು ಆ ವಿದ್ಯಾರ್ಥಿನಿಯ ಅಜ್ಜಿ. ಹಿರಣ್ಯಕೇಶಿಯ ದಂಡೆಯ ಹಳ್ಳಿಯೊಂದರಲ್ಲಿ ಅವಳ ಮನೆಗೆ ಹೋಗಿ, "ಆಯೀ, ತವರಿನ ಉಪಕಾರ ನೆನೆಯುವ ಪದ ಹೇಳ್ರಿ" ಎಂದೆವು. ಬೀಸುವ ಕಲ್ಲು ಹಿತ್ತಲಲ್ಲಿ ಬೋರಲು ಬಿದ್ದಿತ್ತು. ಗಿರಣಿ ಬಂದು ಬಹಳ ವರ್ಷಗಳಾಗಿದ್ದವು. ಅವಳು ಬರಿಗೈಯನ್ನೇ ತಿರುಗಿಸುತ್ತ ಹಾಡಿದಳು. ಮೊದಲನೆಯ ಪದದಲ್ಲಿ ಪಂಚಮಿಗೆ ಬಂಡಿ ಕಟ್ಟಿಕೊಂಡು ಬಂದ ತಮ್ಮನನ್ನು ಹರಸಿದಳು. ಎರಡನೆಯದರಲ್ಲಿ, ಅವ್ವ ಸತ್ತ ಮೇಲೆ ಬಂಡಿಯ ಗಾಲಿಗೆ ಹಾದಿ ಮರೆತುಹೋಯಿತೆ ಎಂದು ಅವನನ್ನೇ ಚುಚ್ಚಿದಳು. ನಾವು ಬರೆದುಕೊಳ್ಳುತ್ತಿದ್ದ ಲೇಖಣಿ ಎರಡನೆಯ ಪದಕ್ಕೆ ನಿಂತಿತು. ಅವಳು ಅದನ್ನು ನೋಡಿದಳು. "ಯಾಕ ಬಿಟ್ರಿ ಮಾಸ್ತರ? ಎರಡೂ ನನ್ನ ತಮ್ಮಂದ ಪದ. ಒಂದ ಬರದ್ರ ಅವ ಅರ್ಧ ಆಗ್ತಾನ" ಎಂದಳು. ನಾವು ಎರಡನೆಯದನ್ನೂ ಬರೆದುಕೊಂಡೆವು.

ಇನ್ನೊಂದು ಮಾತನ್ನು ಹೇಳಿ ಮುಗಿಸುತ್ತೇವೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಕೆ. ಜಿ. ಕುಂದಣಗಾರರು ಉತ್ತರ ಕರ್ನಾಟಕ ಹಾಗೂ ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು 1939ರಲ್ಲಿ ಅಚ್ಚು ಹಾಕಿಸಿದರು. ಶಾಸನಗಳಲ್ಲಿ ಭೂಮಿ ಕೊಟ್ಟವನ ಹೆಸರು ಕಲ್ಲಿನಲ್ಲಿ ಕೊರೆದು ಉಳಿದಿದೆ. ಇನ್ನೊಂದು ಕಲ್ಲಿನ ಮುಂದೆ ಕುಳಿತು ಪಡೆದುದನ್ನೆಲ್ಲ ನೆನೆದವಳ ಹೆಸರು ಮಾತ್ರ ನಮ್ಮಲ್ಲಿ ಬಹುಮಟ್ಟಿಗೆ ಉಳಿದಿಲ್ಲ. ಪುಣೆಯಲ್ಲಿ ಹೇಮಾ ರಾಯರಕರ ಮತ್ತು ಗೀ ಪ್ವಾತವಾಂ ಇವರು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಮಹಾರಾಷ್ಟ್ರದ ಹಳ್ಳಿಗಳಿಂದ ಒಂದು ಲಕ್ಷಕ್ಕೂ ಮೀರಿ ಓವಿಗಳನ್ನು ಕೂಡಿಸುವ ಕೆಲಸವನ್ನು ನಡೆಯಿಸಿದರು. ಹಾಡಿದವರ ಹೆಸರು, ಊರುಗಳನ್ನೂ ದಾಖಲಿಸಿದರು. ಉಪಕಾರಸ್ಮರಣೆಯೆಂದರೆ ಇದು.

ಆದುದರಿಂದ ನಮ್ಮ ಸಂಘದ ಶಿಕ್ಷಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಗಡಹಿಂಗ್ಲಜದಲ್ಲಾಗಲಿ, ಇಚಲಕರಂಜಿಯ ನೇಕಾರರ ಓಣಿಯಲ್ಲಾಗಲಿ, ಕೊಲ್ಹಾಪುರದ ಪೇಟೆಯಲ್ಲಾಗಲಿ ಕನ್ನಡ ಪದ ಬಲ್ಲ ಮುದುಕಿಯರು ಇನ್ನೂ ಇದ್ದಾರೆ. ಅವರ ಮೊಮ್ಮಕ್ಕಳು ನಮ್ಮ ವರ್ಗಗಳಲ್ಲಿ ಕುಳಿತಿದ್ದಾರೆ. ಮುಂದಿನ ದೀಪಾವಳಿಯ ಸೂಟಿಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯಿಂದ ಹತ್ತು ಪದಗಳನ್ನು ಬರೆಯಿಸಿರಿ. ಕನ್ನಡದ್ದಿರಲಿ ಮರಾಠಿಯದ್ದಿರಲಿ, ಸಿಹಿಯಿರಲಿ ಕಹಿಯಿರಲಿ, ಯಾವುದನ್ನೂ ತಿದ್ದಬೇಡಿರಿ. ಅವಳು ಒಪ್ಪಿದರೆ ಕೆಳಗೆ ಅವಳ ಹೆಸರನ್ನೂ ಊರನ್ನೂ ಬರೆಯಿಸಿರಿ. ನಮ್ಮ ಶಾಲೆಯಲ್ಲಿ ಈ ವರ್ಷ 'ಉಪಕಾರಸ್ಮರಣೆ'ಯ ನಿಬಂಧಕ್ಕೆ ಬದಲಾಗಿ ಈ ಕೆಲಸವನ್ನೇ ಕೊಟ್ಟಿದ್ದೇವೆ. ಮೊದಲು ಬಂದ ವಹಿ ಆ ಹುಡುಗಿಯದು. ಅದರಲ್ಲಿ ತಮ್ಮನ ಪದಗಳು ಎರಡೂ ಇವೆ.